ಹಳಿ ಇತ್ತು, ರೈಲು ಇರಲಿಲ್ಲ
ಹೊಸಪೇಟೆ–ಕೊಟ್ಟೂರು ಮಾರ್ಗದ ಚರಿತ್ರೆ ನಮಗೆ ಹೇಳುವ ಮಾತು

2025ರ ಮೇ 15ರಂದು ಕುಷ್ಟಗಿಯ ಹೊಸ ನಿಲ್ದಾಣದಿಂದ ಹುಬ್ಬಳ್ಳಿಯ ಕಡೆಗೆ ಮೊದಲ ಪ್ರಯಾಣಿಕರ ರೈಲು ಹೊರಟಿತು. ಗದಗ–ವಾಡಿ ಮಾರ್ಗದ ಮೊದಲ ಭಾಗವಾದ ತಳಕಲ್–ಕುಷ್ಟಗಿ ದಾರಿ ಅಂದು ಸಾರ್ವಜನಿಕರ ಪಾಲಿಗೆ ತೆರೆಯಿತು. ಕುಕನೂರು, ಯಲಬುರ್ಗಾ, ಕುಷ್ಟಗಿ ಸೀಮೆಯ ಜನರಿಗೆ ಅದು ಹಬ್ಬದ ದಿನ. ನಿಜಾಮರ ಕಾಲದಿಂದಲೂ ಕೇಳಿಕೊಂಡು ಬಂದ ಬೇಡಿಕೆ ಕಣ್ಣೆದುರಿಗೆ ಬಂದು ನಿಂತಿತ್ತು.

ಅದಾದ ಕೆಲವು ದಿನಗಳ ನಂತರ ತಾವರಗೇರಾದ ಹಿರಿಯರೊಬ್ಬರು ಮಾತಿನ ನಡುವೆ ಹೇಳಿದ ಒಂದು ವಾಕ್ಯ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. "ರೈಲು ಬಂದ್ರ ಸಾಲದ್ರಿ ಫಾದರ್, ನಿಂತು ನಮ್ಮನ್ನ ಹತ್ತಿಸ್ಕೊಂಡು ಹೋಗ್ಬೇಕ್ರಿ." ಅವರು ನಗುತ್ತಲೇ ಹೇಳಿದರು. ನಾನೂ ನಕ್ಕೆ. ಆದರೆ ಆ ಮಾತಿನ ಹಿಂದೆ ನಮ್ಮ ಸೀಮೆಯ ಒಂದು ದೀರ್ಘ ಚರಿತ್ರೆ ಇದೆ. ರೈಲು ಬಂದ ಊರೆಲ್ಲ ರೈಲು ಕಂಡ ಊರಲ್ಲ. ಹಳಿ ಇದ್ದ ಊರಿನ ಜನರೆಲ್ಲ ಗಾಡಿ ಹತ್ತಿದವರಲ್ಲ. ತುಂಗಭದ್ರೆಯ ಆಚೆ ದಡದಲ್ಲಿ, ನಮ್ಮ ಕೊಪ್ಪಳ ಜಿಲ್ಲೆಯ ಮಗ್ಗುಲಲ್ಲಿಯೇ, ಅಂತಹ ಒಂದು ಮಾರ್ಗವಿದೆ. ಅದರ ಹೆಸರು ಹೊಸಪೇಟೆ–ಕೊಟ್ಟೂರು ಮಾರ್ಗ. ಎರಡು ದಶಕಗಳಿಗೂ ಹೆಚ್ಚು ಕಾಲ ಆ ಮಾರ್ಗದಲ್ಲಿ ಹಳಿ ಇತ್ತು, ನಿಲ್ದಾಣಗಳ ಹೆಸರೂ ಇತ್ತು. ಜನರನ್ನು ಹೊತ್ತೊಯ್ಯುವ ರೈಲು ಮಾತ್ರ ಇರಲಿಲ್ಲ. ಹೊಸ ರೈಲಿನ ಸಂಭ್ರಮದಲ್ಲಿರುವ ನಾವು ಆ ಹಳೆಯ ಮಾರ್ಗದ ಕಥೆಯನ್ನು ಒಮ್ಮೆ ಅರಿತುಕೊಳ್ಳುವುದು ಒಳ್ಳೆಯದೆಂದು ತೋರಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಬರಗಾಲದ ಮಕ್ಕಳು

ನಮ್ಮ ಭಾಗದ ರೈಲುದಾರಿಗಳ ಮೂಲವನ್ನು ಹುಡುಕುತ್ತ ಹೋದರೆ ನಾವು ತಲುಪುವುದು 1876–78ರ ಮಹಾ ಬರಗಾಲಕ್ಕೆ. ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟಿತು. ಈಶ್ವರ ಸಂವತ್ಸರದಲ್ಲಿ ಹಸಿವು ಊರೂರನ್ನು ಬರಿದು ಮಾಡಿತು. ಬಳ್ಳಾರಿ, ರಾಯಚೂರು, ಧಾರವಾಡ, ಕಲಾದಗಿ ಪ್ರಾಂತಗಳು ಆ ಬರದ ನಟ್ಟನಡುವೆ ಇದ್ದವು. ನೆರೆಯ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಪಾಲನ್ನು ಕಳೆದುಕೊಂಡಿತು. ಕೂಲಿಗಾಗಿ ಬರ ಪರಿಹಾರ ಕಾಮಗಾರಿಗೆ ಬಂದ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಮತ್ತು ಕೆಲವು ಕಾಸು ಸಾಕೆಂದು ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ನಿರ್ಧರಿಸಿದರು. ಮದ್ರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ಪ್ರತಿಭಟಿಸಿದರು. ಇಷ್ಟು ಅನ್ನದಲ್ಲಿ ಮಣ್ಣು ಹೊರುವ ಮನುಷ್ಯ ಬದುಕಲಾರ ಎಂಬುದು ಅವರ ವಾದವಾಗಿತ್ತು.

ಆ ಬರಗಾಲದಲ್ಲಿ ರೈಲು ಇರಲೇ ಇಲ್ಲವೆಂದಲ್ಲ. ಮುಂಬಯಿ ಕಡೆಯ ಹಳಿ ಮತ್ತು ಮದ್ರಾಸು ಕಡೆಯ ಹಳಿ 1871ರಲ್ಲಿಯೇ ರಾಯಚೂರಿನಲ್ಲಿ ಕೂಡಿದ್ದವು. ಗುಂತಕಲ್ಲಿನಿಂದ ಬಳ್ಳಾರಿಗೆ ಒಂದು ಶಾಖಾಮಾರ್ಗವೂ ಇತ್ತು. ರೈಲು ಮುಟ್ಟಿದ ಕಡೆಗೆ ಧಾನ್ಯ ಬಂದು ಬಿದ್ದಿತು. ಆದರೆ ಅಲ್ಲಿಂದ ಒಳನಾಡಿಗೆ ಸಾಗಿಸಲು ಬಂಡಿಗೆ ಕಟ್ಟುವ ಎತ್ತುಗಳೇ ಉಳಿದಿರಲಿಲ್ಲ. ಮೇವಿಲ್ಲದೆ, ನೀರಿಲ್ಲದೆ ಅವೂ ಸತ್ತಿದ್ದವು. ಹೀಗೆ ನಿಲ್ದಾಣದಲ್ಲಿ ಧಾನ್ಯದ ಮೂಟೆ, ಹಳ್ಳಿಯಲ್ಲಿ ಹಸಿದ ಹೊಟ್ಟೆ. ನಡುವೆ ನಲವತ್ತು ಐವತ್ತು ಮೈಲಿ ದಾರಿ. ಈ ದೃಶ್ಯ ಆಡಳಿತಗಾರರನ್ನು ಕಲಕಿತು. 1880ರಲ್ಲಿ ವರದಿ ನೀಡಿದ ಬರಗಾಲದ ಆಯೋಗವು, ಬರಪೀಡಿತ ಸೀಮೆಗಳ ರಕ್ಷಣೆಗಾಗಿ ತುರ್ತಾಗಿ 5,000 ಮೈಲಿ ಹೊಸ ರೈಲುದಾರಿ ಬೇಕೆಂದು ಸೂಚಿಸಿತು. ಲಾಭಕ್ಕಾಗಿಯಲ್ಲದೆ ಜೀವರಕ್ಷಣೆಗಾಗಿ ಹಾಕುವ ಇಂತಹ ದಾರಿಗಳಿಗೆ 'ರಕ್ಷಣಾ ಮಾರ್ಗ'ಗಳೆಂಬ ಹೆಸರೂ ಬಂದಿತು.

ಈ ಹಿನ್ನೆಲೆಯಲ್ಲಿಯೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1880ರ ದಶಕದಲ್ಲಿ ಹೋಟಗಿಯಿಂದ ಗದಗಕ್ಕೆ, ಗದಗದಿಂದ ಕೊಪ್ಪಳ, ಹೊಸಪೇಟೆಗಳ ಮೂಲಕ ಬಳ್ಳಾರಿಗೆ ಅದು ಹಳಿ ಹಾಸಿತು. ಸಾಲರ್ ಜಂಗ್ ಮನೆತನದ ಜಹಗೀರಾಗಿದ್ದ ಕೊಪ್ಪಳವು ರೈಲು ಕಂಡದ್ದು ಹೀಗೆ. ಖರ್ಚು ಕಡಿಮೆಯಾಗಲೆಂದು ಈ ದಾರಿಗಳನ್ನು ಮೀಟರ್‌ಗೇಜಿನಲ್ಲಿ, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರವಿಟ್ಟು ಕಟ್ಟಲಾಯಿತು. ಬ್ರಾಡ್‌ಗೇಜಿನ ಅಂತರ 1,676 ಮಿಲಿಮೀಟರ್. ಈ ಎರಡು ಅಳತೆಗಳ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು. ನೂರು ವರ್ಷಗಳ ನಂತರ ಇದೇ ವ್ಯತ್ಯಾಸ ಕೊಟ್ಟೂರಿನ ಜನರ ಪಾಲಿಗೆ ದೊಡ್ಡ ಸಂಕಟವಾಯಿತು.

ಕೊಟ್ಟೂರಿಗೆ ಬಂದ ಉಗಿಬಂಡಿ

ಮುಖ್ಯ ಮಾರ್ಗ ಹೊಸಪೇಟೆಯ ಮೇಲೆ ಹಾದುಹೋದರೂ, ಬಳ್ಳಾರಿ ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಾದ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ದೂರವೇ ಉಳಿದವು. ಜೋಳ, ಹತ್ತಿ ಮತ್ತು ಎಣ್ಣೆಕಾಳು ಬೆಳೆಯುವ ಆ ಒಣಭೂಮಿಯ ನಡುವೆ ಕೊಟ್ಟೂರು ಒಂದು ವ್ಯಾಪಾರದ ಊರು. ಗುರು ಬಸವೇಶ್ವರ ಸ್ವಾಮಿಯ ರಥೋತ್ಸವದ ಕಾರಣದಿಂದ ಇಡೀ ಉತ್ತರ ಕರ್ನಾಟಕಕ್ಕೆ ಪರಿಚಿತವಾದ ಊರು. ಇಂದಿಗೂ ಆ ಜಾತ್ರೆಗೆ ಸುತ್ತಲಿನ ಜಿಲ್ಲೆಗಳಿಂದ ಸಾವಿರಾರು ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರೆ.

1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಸುಮಾರು 70 ಕಿಲೋಮೀಟರ್ ಉದ್ದದ ಮೀಟರ್‌ಗೇಜ್ ಶಾಖಾಮಾರ್ಗ ತೆರೆಯಿತು. ಮೂರು ವರ್ಷಗಳ ನಂತರ, 1908ರಲ್ಲಿ, ಸದರ್ನ್ ಮರಾಠಾ ಕಂಪನಿಯು ಮದ್ರಾಸು ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಎಂಬ ದೊಡ್ಡ ಸಂಸ್ಥೆಯಾಯಿತು. ಹಳಬರು ಇಂದಿಗೂ 'ಎಂ.ಎಸ್.ಎಂ.' ಎನ್ನುವುದು ಇದನ್ನೇ. ಮರಿಯಮ್ಮನಹಳ್ಳಿ, ಹಂಪಾಪಟ್ಟಣ, ಹಗರಿಬೊಮ್ಮನಹಳ್ಳಿ, ಮಾಲವಿ ಇವು ಈ ಮಾರ್ಗಕ್ಕೆ ಸೇರಿದ ಊರುಗಳು. ದೊಡ್ಡ ಮಾರ್ಗಗಳಲ್ಲಿ ಮೇಲ್ ಗಾಡಿಗಳು ಹಾದುಹೋಗುವಂತೆ ಇಲ್ಲಿ ಹಾದುಹೋಗುವ ಗಾಡಿಗಳಿಲ್ಲ. ಕೊಟ್ಟೂರಿನಲ್ಲಿ ಹಳಿ ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಬಂಡಿದಾರಿ. ಹಾಗಾಗಿ ಈ ರೈಲು ಏನಿದ್ದರೂ ಆ ಊರುಗಳ ಜನರದ್ದು. ಸಂತೆಗೆ ಹೋಗುವವರು, ಹೊಸಪೇಟೆಯ ಕಚೇರಿಗೆ ಹೋಗುವವರು, ಜಾತ್ರೆಗೆ ಬರುವವರು, ತವರಿಗೆ ಹೊರಟ ಹೆಣ್ಣುಮಕ್ಕಳು — ಶಾಖಾಮಾರ್ಗದ ಗಾಡಿಯೆಂದರೆ ಇಂತಹವರ ಗಾಡಿ.

ಬೆಟ್ಟದ ಕಲ್ಲು ಬೆಲೆ ಪಡೆದಾಗ

ಆದರೆ ಇದೇ ಮಾರ್ಗಕ್ಕೆ ಇನ್ನೊಂದು ಮುಖವೂ ಇದೆ. ಹೊಸಪೇಟೆಯಿಂದ ಸ್ವಲ್ಪ ದೂರ ಬಂದರೆ ಗುಂಡಾ ರೋಡ್ ಎಂಬ ನಿಲ್ದಾಣ ಸಿಗುತ್ತದೆ. ಅಲ್ಲಿ ಮಾರ್ಗ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮರಿಯಮ್ಮನಹಳ್ಳಿಯ ಕಡೆಗೆ, ಅಲ್ಲಿಂದ ಕೊಟ್ಟೂರಿಗೆ. ಇನ್ನೊಂದು ಕವಲು ಸಂಡೂರಿನ ಬೆಟ್ಟಗಳ ಮಗ್ಗುಲಿನ ಸ್ವಾಮಿಹಳ್ಳಿಗೆ. ಒಂದು ಜನರ ದಾರಿ, ಇನ್ನೊಂದು ಅದಿರಿನ ದಾರಿ.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಶಿಲೆಗಳನ್ನು ಪರಿಶೀಲಿಸಿ 1895ರಲ್ಲಿ ವಿಸ್ತಾರವಾದ ಗ್ರಂಥವನ್ನು ಪ್ರಕಟಿಸಿದರು. ಸಂಡೂರಿನ ಬೆಟ್ಟಗಳ ಅದಿರಿನ ಸಂಪತ್ತು ಹೊರಜಗತ್ತಿಗೆ ತಿಳಿಯಿತು. ಘೋರ್ಪಡೆ ಅರಸರ ಆಳ್ವಿಕೆಯಲ್ಲಿದ್ದ ಆ ಪುಟ್ಟ ಸಂಸ್ಥಾನದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ರಾಮನದುರ್ಗದ ಸುತ್ತ ಮ್ಯಾಂಗನೀಸ್ ಅಗೆಯುವ ಕೆಲಸ ಆರಂಭವಾಯಿತು. ಬೆಟ್ಟದಿಂದ ಇಳಿದ ಅದಿರು ಹೊಸಪೇಟೆಯನ್ನು ಸೇರಿ, ಅಲ್ಲಿಂದ ಗದಗ, ಹುಬ್ಬಳ್ಳಿ, ಕ್ಯಾಸಲ್‌ರಾಕ್ ದಾಟಿ ಗೋವೆಯ ಮರ್ಮಗೋವಾ ಬಂದರಿನ ಮೂಲಕ ಯೂರೋಪಿಗೆ ಹೋಗುತ್ತಿತ್ತು. ಬರದ ನಾಡಿಗೆ ಅನ್ನ ತರಬೇಕೆಂದು ಹಾಕಿದ ಹಳಿಗಳ ಮೇಲೆ ನಾಡಿನ ಕಲ್ಲು ಹೊರದೇಶಕ್ಕೆ ಹೊರಟಿತು.

ಇಲ್ಲಿ ಒಂದು ಹಳೆಯ ಚರ್ಚೆಯನ್ನು ನೆನೆಯುವುದು ಉಚಿತ. ರೈಲಿನಿಂದ ನಿಜವಾಗಿ ಯಾರಿಗೆ ಲಾಭ ಎಂಬ ಪ್ರಶ್ನೆಯನ್ನು ಆ ಕಾಲದ ದೊಡ್ಡವರು ಅನೇಕರು ಎತ್ತಿದ್ದರು. 1876–78ರ ಬರದ ವರ್ಷಗಳಲ್ಲಿಯೂ ಭಾರತದ ಗೋಧಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಹೊತ್ತೊಯ್ಯುತ್ತಿದ್ದುದು ಇದೇ ರೈಲು. ಬರವನ್ನು ತಡೆಯಬೇಕಾದರೆ ರೈಲಿಗಿಂತ ಮೊದಲು ನೀರಾವರಿಗೆ ಹಣ ಹಾಕಿರಿ ಎಂದು ರಮೇಶಚಂದ್ರ ದತ್ತರು ವಾದಿಸಿದರು. ಗಾಂಧೀಜಿಯವರು 1909ರಲ್ಲಿ ಬರೆದ 'ಹಿಂದ್ ಸ್ವರಾಜ್'ನಲ್ಲಿ, ರೈಲಿನಿಂದಾಗಿ ಜನ ತಮ್ಮ ಧಾನ್ಯವನ್ನು ಹೆಚ್ಚು ಬೆಲೆ ಸಿಗುವ ದೂರದ ಪೇಟೆಗೆ ಮಾರಿಬಿಡುತ್ತಾರೆಂದೂ ಅದರಿಂದ ಬರಗಾಲ ಹೆಚ್ಚುತ್ತದೆಂದೂ ಎಚ್ಚರಿಸಿದರು. ಗೋದಾವರಿಗೆ ಅಣೆಕಟ್ಟು ಕಟ್ಟಿದ ಇಂಜಿನಿಯರ್ ಸರ್ ಆರ್ಥರ್ ಕಾಟನ್ ಕೂಡ ರೈಲಿಗಿಂತ ಕಾಲುವೆ ಮೇಲೆಂದು ಜೀವನಪರ್ಯಂತ ಹೇಳಿದವರು. ತುಂಗಭದ್ರೆಗೆ ಅಡ್ಡಲಾಗಿ ದೊಡ್ಡ ಜಲಾಶಯ ಕಟ್ಟಬಹುದೆಂದು 1860ರಲ್ಲಿಯೇ ಸೂಚಿಸಿದವರು ಅವರೇ.

ಈ ವಾದಗಳಲ್ಲಿ ಯಾವುದೂ ಪೂರ್ಣ ಸತ್ಯವಲ್ಲ. ರೈಲು ಬಂದ ಮೇಲೆ ಬರಸೀಮೆಗೆ ಧಾನ್ಯ ತಲುಪಿಸುವುದು ಸುಲಭವಾಯಿತೆಂಬುದೂ ನಿಜ. ಆದರೆ ಅವರೆಲ್ಲರ ಮಾತಿನಲ್ಲಿ ಅಡಗಿದ್ದ ಪ್ರಶ್ನೆ ಮಾತ್ರ ಹಳತಾಗಿಲ್ಲ: ಹಳಿ ಯಾರ ಸಲುವಾಗಿ?

ನೀರು ಬಂತು, ಊರು ಹೋದವು

ಕಾಟನ್ ಕಂಡ ಕನಸು ನನಸಾಗಲು ತೊಂಬತ್ತು ವರ್ಷಗಳೇ ಬೇಕಾದವು. ಮದ್ರಾಸು ಮತ್ತು ಹೈದರಾಬಾದು ಸರ್ಕಾರಗಳ ನಡುವಣ ಒಪ್ಪಂದದ ನಂತರ 1945ರ ಫೆಬ್ರವರಿಯಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಶಂಕುಸ್ಥಾಪನೆಯಾಯಿತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಗಂಗಾವತಿ, ಕಾರಟಗಿ, ಸಿಂಧನೂರು ಭಾಗಗಳು ಭತ್ತದ ಕಣಜವಾದದ್ದು ಆ ನೀರಿನಿಂದಲೇ. ಆ ಭಾಗದ ಗದ್ದೆ ಕೆಲಸಕ್ಕೆ ತಾವರಗೇರಾ ಸುತ್ತಲಿನ ಮಳೆಯಾಶ್ರಿತ ಹಳ್ಳಿಗಳಿಂದ ಕೂಲಿಗೆ ಹೋಗುವ ಕುಟುಂಬಗಳನ್ನು ನಾವು ಬಲ್ಲೆವು.

ಆದರೆ ಆ ನೀರು ನಿಲ್ಲಲು ಸುಮಾರು 90 ಹಳ್ಳಿಗಳು ಜಾಗ ಬಿಟ್ಟುಕೊಟ್ಟವು. ನದಿಯ ಎರಡೂ ದಡಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಮನೆ, ಹೊಲ, ಗುಡಿ, ಗೋರಿಗಳನ್ನು ಬಿಟ್ಟು ಎದ್ದರು. ಕೊಟ್ಟೂರು ಮಾರ್ಗದ ಊರುಗಳು ಈ ಜಲಾಶಯದ ಹಿನ್ನೀರಿನ ಅಂಚಿನಲ್ಲಿಯೇ ಇವೆ. ನಾರಾಯಣದೇವರಕೆರೆ ಎಂಬ ಹಳೆಯ ಊರು ನೀರಿನಲ್ಲಿ ಮುಳುಗಿ, ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಇಂದು ರಂಗಭೂಮಿಯ ಕಲಾವಿದರಿಂದಲೂ, 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಮಂಜಮ್ಮ ಜೋಗತಿಯವರಿಂದಲೂ ನಾಡಿಗೆ ಪರಿಚಿತವಾಗಿರುವ ಮರಿಯಮ್ಮನಹಳ್ಳಿಯ ಬೆಳವಣಿಗೆಯಲ್ಲಿ ಮುಳುಗಿದ ಊರೊಂದರ ದುಃಖವೂ ಬೆರೆತಿದೆ.

ನೆಲ ಕಳೆದುಕೊಂಡವರಿಗೆ ರೈಲು ಒಂದು ಆಸರೆ. ಹೊಲವಿದ್ದವನಿಗೆ ಊರೇ ಪ್ರಪಂಚ. ಹೊಲ ಹೋದವನು ಕೆಲಸ ಹುಡುಕಿ ಪೇಟೆಗೆ ಹೋಗಲೇಬೇಕು. ಕಡಿಮೆ ದುಡ್ಡಿನಲ್ಲಿ ಅವನನ್ನು ಕರೆದೊಯ್ಯುವ ವಾಹನ ಪ್ಯಾಸೆಂಜರ್ ಗಾಡಿಯೊಂದೇ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಕೊಟ್ಟೂರು ಮಾರ್ಗವು ಮೊದಲು ದಕ್ಷಿಣ ರೈಲ್ವೆಗೆ, ಆಮೇಲೆ ದಕ್ಷಿಣ ಮಧ್ಯ ರೈಲ್ವೆಗೆ ಸೇರಿತು. ಬಳ್ಳಾರಿ ಜಿಲ್ಲೆಯೂ 1953ರ ಅಕ್ಟೋಬರ್ 1ರಂದು ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಮೇಲಿನ ಒಡೆಯರು ಬದಲಾದರು. ಸಣ್ಣ ಗಾಡಿ ಮಾತ್ರ ತನ್ನ ಪಾಡಿಗೆ ಹೋಗಿ ಬರುತ್ತಿತ್ತು.

ಅಗಲವಾದ ಹಳಿ, ಬರಿದಾದ ನಿಲ್ದಾಣ

1992ರಲ್ಲಿ ಭಾರತೀಯ ರೈಲ್ವೆಯು ದೇಶದ ಎಲ್ಲ ಮುಖ್ಯ ಮಾರ್ಗಗಳನ್ನೂ ಒಂದೇ ಅಳತೆಗೆ ತರುವ ಯೋಜನೆಯನ್ನು ಕೈಗೆತ್ತಿಕೊಂಡಿತು. ಯೋಜನೆ ಒಳ್ಳೆಯದೇ. ಎರಡು ಅಳತೆಯ ಹಳಿಗಳು ಕೂಡುವಲ್ಲಿ ಮೂಟೆಗಳನ್ನು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸುವ ಕಷ್ಟ, ಪ್ರಯಾಣಿಕರು ಗಾಡಿ ಬದಲಿಸುವ ಕಷ್ಟ ಇದರಿಂದ ತಪ್ಪಿತು. ಗುಂತಕಲ್–ಹೊಸಪೇಟೆ–ಹುಬ್ಬಳ್ಳಿ ಮಾರ್ಗ ಬ್ರಾಡ್‌ಗೇಜ್ ಆಯಿತು. ಕೊಟ್ಟೂರು ಶಾಖಾಮಾರ್ಗದ ಮೀಟರ್‌ಗೇಜ್ ಹಳಿಗಳನ್ನೂ ತೆಗೆದು 1995ರಲ್ಲಿ ಅಗಲವಾದ ಹಳಿ ಹಾಕಲಾಯಿತು.

ಜನ ಕಾದರು. ಹಳಿ ಅಗಲವಾಯಿತಲ್ಲ, ಇನ್ನು ದೊಡ್ಡ ಗಾಡಿ ಬರುತ್ತದೆ ಎಂದು ನಂಬಿದರು. ಆದರೆ ಪ್ರಯಾಣಿಕರ ಗಾಡಿ ಮರಳಿ ಬರಲಿಲ್ಲ. ಒಂದು ವರ್ಷವಾಯಿತು, ಐದು ವರ್ಷವಾಯಿತು, ಹತ್ತು ವರ್ಷವಾಯಿತು. ಜಗತ್ತಿನ ಬೇರೆ ಕಡೆ ರೈಲುಮಾರ್ಗಗಳನ್ನು ಕೈಬಿಟ್ಟಾಗ ಹಳಿ ಕೀಳುತ್ತಾರೆ, ಆ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ. ಕೈಬಿಟ್ಟದ್ದು ಎಲ್ಲರಿಗೂ ಕಾಣುತ್ತದೆ. ಇಲ್ಲಿ ಹೊಸ ಹಳಿಯನ್ನೇ ಹಾಕಿ ಜನರನ್ನು ಕೈಬಿಡಲಾಗಿತ್ತು. ಆದ್ದರಿಂದ ಇದನ್ನು 'ಕೈಬಿಟ್ಟ ಮಾರ್ಗ' ಎಂದು ಯಾವ ಕಾಗದದಲ್ಲಿಯೂ ಬರೆಯಬೇಕಾಗಲಿಲ್ಲ.

ಇದೇ ವರ್ಷಗಳಲ್ಲಿ ಗುಂಡಾ ರೋಡಿನ ಇನ್ನೊಂದು ಕವಲಿನಲ್ಲಿ ಏನಾಗುತ್ತಿತ್ತು? ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಚೀನಾದಿಂದ ಕಬ್ಬಿಣದ ಅದಿರಿಗೆ ಅಪಾರ ಬೇಡಿಕೆ ಬಂದಿತು. ಸಂಡೂರು–ಹೊಸಪೇಟೆ ಬೆಟ್ಟಗಳ ಕೆಂಪು ಮಣ್ಣಿಗೆ ಚಿನ್ನದ ಬೆಲೆ ಬಂದಂತಾಯಿತು. ರಸ್ತೆಗಳಲ್ಲಿ ಲಾರಿಗಳ ಸಾಲು. ಹಳಿಗಳ ಮೇಲೆ ಅದಿರು ತುಂಬಿದ ಗೂಡ್ಸ್ ಗಾಡಿಗಳ ಸಾಲು. ಆ ಗಣಿಗಾರಿಕೆಯಲ್ಲಿ ನಡೆದ ಅಕ್ರಮಗಳನ್ನು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ನೀಡಿದ ವರದಿ ನಾಡಿನ ಮುಂದಿಟ್ಟಿತು. ಅದೇ ತಿಂಗಳ ಕೊನೆಯಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ತಡೆಹಿಡಿಯಿತು. ಆ ಇತಿಹಾಸವನ್ನು ನಾವೆಲ್ಲ ಬಲ್ಲೆವು. ನಾವು ಗಮನಿಸದೆ ಹೋದ ಸಂಗತಿ ಇದು: ಹೊಸಪೇಟೆಯಿಂದ ಗುಂಡಾ ರೋಡಿನವರೆಗೆ ಎರಡೂ ಕವಲುಗಳಿಗೆ ಇರುವುದು ಒಂದೇ ಹಳಿ. ಆ ಹಳಿಯ ಮೇಲೆ ಕಲ್ಲಿಗೆ ಗಾಡಿ ಸಿಕ್ಕಿತು, ಮನುಷ್ಯನಿಗೆ ಸಿಗಲಿಲ್ಲ.

ರೈಲ್ವೆಯನ್ನು ಒಂದೇ ಮಾತಿನಲ್ಲಿ ದೂಷಿಸುವುದೂ ನ್ಯಾಯವಲ್ಲ. ಅದಿರು ಸಾಗಿಸಿದರೆ ರೈಲ್ವೆಗೆ ಹಣ ಬರುತ್ತದೆ. ಶಾಖಾಮಾರ್ಗದ ಪ್ಯಾಸೆಂಜರ್ ಗಾಡಿಯಿಂದ ನಷ್ಟವಾಗುತ್ತದೆ. ಸರಕು ಗಾಡಿಯ ಆದಾಯದಿಂದಲೇ ಪ್ರಯಾಣಿಕರ ಟಿಕೆಟ್ ಅಗ್ಗವಾಗಿ ಉಳಿದಿದೆ ಎಂಬುದು ರೈಲ್ವೆ ಲೆಕ್ಕವನ್ನು ಬಲ್ಲವರೆಲ್ಲ ಒಪ್ಪುವ ಮಾತು. ಇದು ಲೆಕ್ಕದ ಸತ್ಯ. ಆದರೆ ಸರಕಿನ ಲಾಭದಿಂದ ಪ್ರಯಾಣಿಕನ ನಷ್ಟವನ್ನು ತುಂಬುವುದೇ ಈ ವ್ಯವಸ್ಥೆಯ ಧರ್ಮವಾಗಿರುವಾಗ, ಲಾಭವನ್ನು ಕೊಟ್ಟ ಬೆಟ್ಟಗಳ ಅಡಿಯಲ್ಲಿಯೇ ಬಾಳುವ ಜನರಿಗೆ ದಿನಕ್ಕೊಂದು ಗಾಡಿ ಕೊಡಲಾಗದೆ ಹೋದದ್ದು ಲೆಕ್ಕಕ್ಕೂ ಸಿಗದ ವಿಷಯ. ಬೆಟ್ಟ ಅವರದು, ಧೂಳು ಅವರದು. ಗಾಡಿ ಮಾತ್ರ ಬೇರೆಯವರದು.

ಕೇಳುವವರಿದ್ದರು

ಈ ಚರಿತ್ರೆಯ ಕೊನೆಯ ಅಧ್ಯಾಯ ಸಂತೋಷದ್ದು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಮರಿಯಮ್ಮನಹಳ್ಳಿ, ಹೊಸಪೇಟೆಗಳ ಜನ ಸುಮ್ಮನಿರಲಿಲ್ಲ. ಹೋರಾಟ ಸಮಿತಿಗಳು ಹುಟ್ಟಿದವು. ಮನವಿ, ಧರಣಿ, ಬಂದ್ ನಡೆದವು. ಈ ನಡುವೆ 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ನೈಋತ್ಯ ರೈಲ್ವೆ ವಲಯ ಕಾರ್ಯಾರಂಭ ಮಾಡಿತು. ಮನವಿ ಸಲ್ಲಿಸಲು ಸಿಕಂದರಾಬಾದಿನವರೆಗೆ ಹೋಗುವುದು ತಪ್ಪಿತು. ಕೊಟ್ಟೂರಿನಲ್ಲಿ ಕೊನೆಗೊಳ್ಳುತ್ತಿದ್ದ ಹಳಿಯನ್ನು ಹರಿಹರದವರೆಗೆ ವಿಸ್ತರಿಸುವ ಹೊಸ ಮಾರ್ಗದ ಕೆಲಸವೂ ವರ್ಷಗಳ ಕಾಲ ನಡೆದು ಮುಗಿಯಿತು. 1905ರಿಂದ ಮೊಂಡಾಗಿ ನಿಂತಿದ್ದ ದಾರಿ ಹೀಗೆ ಹುಬ್ಬಳ್ಳಿ–ಬೆಂಗಳೂರು ಮುಖ್ಯ ಮಾರ್ಗವನ್ನು ಮುಟ್ಟಿತು.

ಕಡೆಗೆ 2019ರ ಅಕ್ಟೋಬರಿನಲ್ಲಿ ಹೊಸಪೇಟೆಯಿಂದ ಕೊಟ್ಟೂರು ಮಾರ್ಗವಾಗಿ ಹರಿಹರಕ್ಕೆ ಪ್ರಯಾಣಿಕರ ರೈಲು ಹೊರಟಿತು. ಹಳೆಯ ಗಾಡಿಯಲ್ಲಿ ತಾಯಿಯ ಮಡಿಲಲ್ಲಿ ಕುಳಿತು ಹೋಗಿದ್ದ ಕೂಸುಗಳು ಅಷ್ಟರಲ್ಲಿ ತಮ್ಮ ಮಕ್ಕಳನ್ನು ಕರೆತರುವ ವಯಸ್ಸಿಗೆ ಬಂದಿದ್ದರು. ಒಂದು ತಲೆಮಾರು ತಮ್ಮ ಊರಿನ ನಿಲ್ದಾಣವನ್ನು ಕಂಡಿತ್ತು, ಅಲ್ಲಿ ಜನರಿಗಾಗಿ ನಿಂತ ರೈಲನ್ನು ಕಂಡಿರಲಿಲ್ಲ. ಮರುವರ್ಷದ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ದೇಶದ ಪ್ರಯಾಣಿಕರ ರೈಲುಗಳೆಲ್ಲ ನಿಂತಾಗ, ಮತ್ತೆ ಕಾಯುವ ಸರದಿ ಬಂತೇ ಎಂಬ ಭಯ ಆ ಜನರಿಗೆ ಆಗಿದ್ದರೆ ಆಶ್ಚರ್ಯವಿಲ್ಲ. ಒಮ್ಮೆ ಕೈಬಿಡಲ್ಪಟ್ಟವರಿಗೆ ಆ ಭಯ ಬೇಗ ಹೋಗುವಂಥದ್ದಲ್ಲ.

ನಮ್ಮ ಊರಿನ ಮಾತು

ಪ್ರಿಯ ಓದುಗರೇ, ಈಗ ತಾವರಗೇರಾಕ್ಕೆ ಮರಳೋಣ. ನಿಜಾಮರ ಸಂಸ್ಥಾನದಲ್ಲಿ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿಯೇ ರೈಲು ಓಡಿತು. ಆದರೆ ಅದೇ ಸಂಸ್ಥಾನದ ನೈಋತ್ಯದ ಮೂಲೆಯಲ್ಲಿದ್ದ ಕುಷ್ಟಗಿ, ಲಿಂಗಸುಗೂರು, ಗಂಗಾವತಿಗಳಿಗೆ ಹಳಿ ಬರಲಿಲ್ಲ. 1948ರಲ್ಲಿ ಹೈದರಾಬಾದು ವಿಮೋಚನೆಗೊಂಡಿತು, 1956ರಲ್ಲಿ ಕನ್ನಡ ನಾಡು ಒಂದಾಯಿತು, 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು; ರೈಲು ಮಾತ್ರ ಕೊಪ್ಪಳದ ಅಂಚಿನಲ್ಲಿಯೇ ಉಳಿಯಿತು. ಇತ್ತೀಚಿನ ವರ್ಷಗಳಲ್ಲಿ ಎರಡು ಹೊಸ ಮಾರ್ಗಗಳು ಜೀವ ಪಡೆದಿವೆ. ಗಿಣಿಗೇರಾದಿಂದ ರಾಯಚೂರಿನ ಕಡೆಗೆ ಹೊರಟ ಮಾರ್ಗ 2019ರಲ್ಲಿ ಗಂಗಾವತಿಯನ್ನು, ಆಮೇಲೆ ಕಾರಟಗಿಯನ್ನು, 2024ರಲ್ಲಿ ಸಿಂಧನೂರನ್ನು ಮುಟ್ಟಿತು. 257 ಕಿಲೋಮೀಟರ್ ಉದ್ದದ ಗದಗ–ವಾಡಿ ಮಾರ್ಗ 2025ರಲ್ಲಿ ಕುಷ್ಟಗಿಯವರೆಗೆ ಬಂದಿತು. ಮುಂದೆ ಮುದಗಲ್, ಲಿಂಗಸುಗೂರು, ಸುರಪುರಗಳ ಕಡೆಗೆ ಸಾಗಿ ವಾಡಿಯನ್ನು ಸೇರಬೇಕಾದ ದಾರಿ ಅದು.

ಈ ಎರಡು ದಾರಿಗಳ ನಡುವೆ ನಮ್ಮ ತಾವರಗೇರಾ ಇದೆ. ಯಾವ ದಾರಿಯೂ ಊರೊಳಗೆ ಬರಲಿಲ್ಲ. ಆದರೂ ಹಿಂದೆ ರೈಲಿಗಾಗಿ ಕೊಪ್ಪಳಕ್ಕೋ ರಾಯಚೂರಿಗೋ ಹೋಗಬೇಕಾಗಿದ್ದ ನಮಗೆ ಈಗ ತಾಲ್ಲೂಕಿನ ಊರಿನಲ್ಲಿಯೇ ನಿಲ್ದಾಣವಿದೆ. ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವ ರೋಗಿಗೆ, ಧಾರವಾಡದಲ್ಲಿ ಓದುವ ಮಗಳಿಗೆ, ದುಡಿಯಲು ದೂರ ಹೊರಟ ಮಗನಿಗೆ ಇದು ಸಣ್ಣ ಉಪಕಾರವೇನಲ್ಲ.

ಹಾಗಾದರೆ ಕೊಟ್ಟೂರು ಮಾರ್ಗ ನಮಗೆ ಕಲಿಸುವುದೇನು? ಮೊದಲನೆಯದು, ಹಳಿ ಬಂದ ದಿನ ಕೆಲಸ ಮುಗಿಯುವುದಿಲ್ಲ. ಉದ್ಘಾಟನೆಯ ದಿನ ಹೂವಿನ ಹಾರ ಹಾಕಿದ ಕೈಗಳು ಮರುದಿನದಿಂದ ಟಿಕೆಟ್ ಕೊಳ್ಳಬೇಕು. ಖಾಲಿ ಓಡುವ ಗಾಡಿಯನ್ನು ನಿಲ್ಲಿಸುವುದು ಸುಲಭ. ತುಂಬಿ ಓಡುವ ಗಾಡಿಯನ್ನು ನಿಲ್ಲಿಸಲು ಯಾವ ಅಧಿಕಾರಿಗೂ ಕಷ್ಟ. ಎರಡನೆಯದು, ಸಮಯ ಸರಿಯಿಲ್ಲದಿದ್ದರೆ ಸರಿಪಡಿಸಿರಿ ಎಂದು ಕೇಳಬೇಕು. ತಾವರಗೇರಾದಿಂದ ಹೊರಟ ಬಸ್ಸು ಕುಷ್ಟಗಿಗೆ ತಲುಪುವ ಮೊದಲೇ ರೈಲು ಹೊರಟುಬಿಟ್ಟರೆ ಆ ರೈಲು ನಮ್ಮ ಪಾಲಿಗೆ ಇದ್ದೂ ಇಲ್ಲದಂತೆ. ಬಸ್ಸಿಗೂ ರೈಲಿಗೂ ಹೊಂದಾಣಿಕೆ ಮಾಡಿಸುವುದು ಕೋಟಿಗಟ್ಟಲೆ ಹಣದ ಕೆಲಸವಲ್ಲ; ಊರಿನ ನಾಲ್ಕು ಜನ ಕೂಡಿ ಒಂದು ಅರ್ಜಿ ಬರೆಯುವ ಕೆಲಸ. ಮೂರನೆಯದು, ಕೇಳುವುದನ್ನು ಬಿಡಬಾರದು. ಕೊಟ್ಟೂರಿನ ಜನ ಇಪ್ಪತ್ತು ವರ್ಷ ಮೀರಿ ಕೇಳಿದರು. ಮೊದಲು ಕೇಳಿದವರಲ್ಲಿ ಕೆಲವರಾದರೂ ಗಾಡಿ ಬರುವ ಮೊದಲೇ ಈ ಲೋಕವನ್ನು ಬಿಟ್ಟಿರಬೇಕು. ತಾವು ಹತ್ತಲಾರದ ಗಾಡಿಗಾಗಿ ಅವರು ಸಹಿ ಹಾಕಿದ್ದರು, ಬಿಸಿಲಿನಲ್ಲಿ ಕುಳಿತಿದ್ದರು. ಅವರ ಮೊಮ್ಮಕ್ಕಳು ಇಂದು ಆ ಗಾಡಿ ಹತ್ತುತ್ತಿದ್ದಾರೆ.

ಒಂದು ಮಾರ್ಗವನ್ನು ಕೈಬಿಡುವುದು ಹಳಿ ಕಿತ್ತ ದಿನವಲ್ಲ. ಅದನ್ನು ಕೇಳುವವರು ಇಲ್ಲವಾದ ದಿನ. ಹೊಸಪೇಟೆ–ಕೊಟ್ಟೂರು ಮಾರ್ಗಕ್ಕೆ ಕೇಳುವವರಿದ್ದರು, ಅದು ಉಳಿಯಿತು. ಅಂದು ಹಿರಿಯರು ನಗುತ್ತ ಹೇಳಿದ ಮಾತನ್ನು ನಾವು ಮರೆಯದಿರೋಣ. ರೈಲು ಬಂದಿದೆ. ಅದು ನಿಂತು ನಮ್ಮನ್ನು ಹತ್ತಿಸಿಕೊಳ್ಳುವಂತೆ ನೋಡಿಕೊಳ್ಳುವ ಹೊಣೆ ಇನ್ನು ನಮ್ಮದು.